ಮಾಡಿನ ಮೇಲೆ ಮೂರು ಕಿಲೋವ್ಯಾಟ್

ಸೋಲಾರ್ ಹಾಕಿಸಿದ್ದೇವೆ ಎಂದರೆ ‘ಯಾವ ಪ್ಲಾನ್?’ ಎಂದು ಕೇಳುವವರಿದ್ದಾರೆ. ಮೊಬೈಲ್ ಸಿಮ್‌ನಂತೆ ಆರಿಸಿಕೊಳ್ಳಲು ಇಲ್ಲಿ ಹತ್ತು ಕಂಪನಿಗಳಿಲ್ಲ. ಉಡುಪಿಯ ಮನೆಗಳಿಗೆ ಮೆಸ್ಕಾಂ ಒಂದೇ. ಹಸಿರು ವಿದ್ಯುತ್ತನ್ನು ಬೇರೆಯವರಿಂದ ನೇರವಾಗಿ ಕೊಳ್ಳಲು ಕೇಂದ್ರದ 2022ರ ನಿಯಮವೇನೋ ಇದೆ, ಆದರೆ ಅದಕ್ಕೆ 100 ಕಿಲೋವ್ಯಾಟ್ ಬೇಡಿಕೆ ಇರಬೇಕು. ಹಾಗಾಗಿ ನನಗೆ ಉಳಿದದ್ದು ಸ್ವಂತ ಮಾಡು, ಮತ್ತು ಅಲ್ಲಿ ಎಷ್ಟು ಹಾಕಿಸಬೇಕೆಂಬ ಲೆಕ್ಕ.

ಇಡೀ ವರ್ಷದ ಬಿಲ್‌ಗಳನ್ನು ಹರಡಿಕೊಂಡು ಕೂತೆ. ಮೇ ತಿಂಗಳ ಸೆಕೆಯ ಬಿಲ್ ಒಂದನ್ನೇ ನೋಡಿದರೆ ಲೆಕ್ಕ ಉಬ್ಬುತ್ತದೆ. ನಮ್ಮ ಸರಾಸರಿ ತಿಂಗಳಿಗೆ 300 ಯೂನಿಟ್ ಆಸುಪಾಸು. ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಹಿಡಿದರೆ ಮೂರು ಕಿಲೋವ್ಯಾಟ್ ಧಾರಾಳ. ಬಂದ ಮಾರಾಟಗಾರ ‘ಐದು ಹಾಕಿಸಿಬಿಡಿ ಸರ್’ ಎಂದ. ಮನೆಯ ಸೋಲಾರಿಗೆ ಕೇಂದ್ರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ನಿಂತುಬಿಡುತ್ತದೆ. ಬಳಸಿ ಮಿಕ್ಕಿದ ಯೂನಿಟ್‌ಗೆ ಸಿಗುವ ದರವೋ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಐದರ ಮಾತು ಅಲ್ಲಿಗೆ ಮುಗಿಯಿತು. (ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರು ಹಣ ಉಳಿಸಲೆಂದೇ ಇದಕ್ಕೆ ಕೈಹಾಕಬೇಕಿಲ್ಲ.)

ನಿಜವಾದ ತಲೆನೋವು ತೆಂಗಿನ ಮರಗಳದ್ದು. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ತೆಂಕಣ ಮರಗಳ ನೆರಳು ಉದ್ದವಾಗುತ್ತದೆ. ನಮ್ಮ ಕರಾವಳಿಯಲ್ಲಿ ಒಳ್ಳೆಯ ಬಿಸಿಲಿನ ಕಾಲವೂ ಅದೇ. ಆ ತಿಂಗಳು ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಮಧ್ಯಾಹ್ನ ಮೂರಕ್ಕೆ ತಾರಸಿಯ ಶೀಟ್ ಮಾಡಿನ ಮೇಲೆ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೂರು ಗೆರೆಗಳೂ ಮುಟ್ಟದ ಜಾಗ ಪಶ್ಚಿಮದ ಮೂಲೆಯಲ್ಲಿ ಸಿಕ್ಕಿತು. ಒಂದು ಮರವನ್ನೂ ಕಡಿಯಲಿಲ್ಲ.

ಮಲ್ಪೆಯ ಕಡೆಯ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬಾಳುವುದಿಲ್ಲ. ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್, ಶೀಟಿಗೆ ಕೊರೆದ ಪ್ರತಿ ತೂತಿಗೂ ರಬ್ಬರ್ ವಾಷರ್ ಎಂದು ಕರಾರಿನಲ್ಲೇ ಬರೆಸಿದೆ. ಮುಂಗಾರಿನ ಮುನ್ನಿನ ಸಿಡಿಲು ನೆನಪಿದ್ದುದರಿಂದ ಮಿಂಚುನಿರೋಧಕಕ್ಕೂ ಬೇರೆ ಅರ್ಥಿಂಗ್ ಕೇಳಿದೆ. ಇದರಲ್ಲಿ ಚೌಕಾಸಿ ಮಾಡಲಿಲ್ಲ.

‘ಕರೆಂಟು ಹೋದಾಗ ಇದು ಉರಿಯುತ್ತದಲ್ಲವೇ ಮಗಾ?’ ಎಂದು ಅಮ್ಮ ಕೇಳಿದರು. ಇಲ್ಲ. ಬ್ಯಾಟರಿ ಇಲ್ಲದ ಗ್ರಿಡ್ ಜೋಡಣೆಯಲ್ಲಿ ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ತೇ ಹೊಡೆದೀತು. ಗಾಳಿಮಳೆಗೆ ಸೋಗೆ ಬಿದ್ದು ತಂತಿ ಕಡಿಯುವ ಊರಿನಲ್ಲಿ ಇದನ್ನು ಮೊದಲೇ ತಿಳಿದಿರಬೇಕು. ನಾವು ಹಳೆಯ ಬ್ಯಾಟರಿ ಇನ್ವರ್ಟರನ್ನು ಹಾಗೆಯೇ ಉಳಿಸಿಕೊಂಡೆವು.

ಉಳಿದದ್ದು ಸಲೀಸು: ಸೂರ್ಯಘರ್ ಪೋರ್ಟಲ್‌ನಲ್ಲಿ ಅರ್ಜಿ, ನೋಂದಾಯಿತ ಗುತ್ತಿಗೆದಾರ, ಭಾರತದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್, ಪರಿಶೀಲನೆ, ಒಳಹೊರಗು ಎರಡನ್ನೂ ಅಳೆಯುವ ಹೊಸ ಮೀಟರ್. ಸಬ್ಸಿಡಿ ಖಾತೆಗೆ ಬರುವುದು ಕೊನೆಗೆ, ಆದ್ದರಿಂದ ಮೊದಲು ಪೂರ್ತಿ ಹಣವನ್ನೋ ಸಾಲವನ್ನೋ ಹೊಂದಿಸಿಕೊಳ್ಳಬೇಕು.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ದಟ್ಟ ಮೋಡ ಕವಿದರೆ ಇಡೀ ದಿನದಲ್ಲಿ ಮೂರ್ನಾಲ್ಕು ಯೂನಿಟ್ ಬಂದರೆ ಹೆಚ್ಚು, ಆಗ ಬಿಲ್ ಕಟ್ಟುತ್ತೇವೆ. ನಿಗದಿತ ಶುಲ್ಕವಂತೂ ವರ್ಷವಿಡೀ ಇದ್ದೇ ಇದೆ. ಮಳೆಗಾಲದಲ್ಲಿ ಪ್ಯಾನೆಲ್ ತೊಳೆಯುವ ಕೆಲಸವಿಲ್ಲ; ಜನವರಿಯಿಂದ ಕಾಗೆಗಳ ಕೃಪೆಯಿಂದ ಆಗಾಗ ಬಿಸಿಲೇರುವ ಮೊದಲೇ ಪೈಪ್ ಹಿಡಿದು ಮಾಡು ಹತ್ತುತ್ತೇನೆ.