ಕಾಲಿನೊಳಗೆ ಗುಂಯ್‌ಗುಡುವ ಕಂಪನ: ಕಾರಣ ಹುಡುಕಿದ ನನ್ನ ಅನುಭವ

ಎಡಗಾಲಿನ ಅಂಗಾಲಿನಿಂದ ಮೀನಖಂಡದವರೆಗೆ, ಚರ್ಮದ ಒಳಗೆಲ್ಲೋ, ಸದ್ದಡಗಿಸಿದ ಮೊಬೈಲ್ ಗುಂಯ್‌ಗುಟ್ಟಿ ಸುಮ್ಮನಾದಂತಹ ಕಂಪನ. ನೋವಿಲ್ಲ, ಉರಿಯಿಲ್ಲ, ಜೋಮು ಹಿಡಿದ ಹಾಗೂ ಅಲ್ಲ. ನಡೆಯುವಾಗ ಅದರ ಸುಳಿವೇ ಇರುತ್ತಿರಲಿಲ್ಲ. ಕುಳಿತರೆ, ಮಲಗಿದರೆ ಶುರು. ಕಣ್ಣಿಗೆ ಕಾಣದ ತೊಂದರೆಯನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ‘ಎಲ್ಲ ಮನಸ್ಸಿನ ಭ್ರಮೆ’ ಎಂದವರೇ ಹೆಚ್ಚು.

ವೈದ್ಯರ ಬಳಿ ಹೋಗುವ ಮೊದಲು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ: ಯಾವ ಕಾಲು, ಯಾವ ಭಂಗಿ, ಯಾವ ಹೊತ್ತು, ಆ ದಿನ ಕುಡಿದ ಕಾಫಿ, ಹಿಂದಿನ ರಾತ್ರಿಯ ನಿದ್ದೆ. ಜೊತೆಗೆ ಇನ್ನೆರಡು ವಿಷಯ. ಸ್ನಾಯು ಕಣ್ಣಿಗೆ ಕಾಣುವಂತೆ ಅದುರುತ್ತಿದೆಯೇ? ಕಾಲನ್ನು ಅಲುಗಾಡಿಸಲೇಬೇಕು ಎಂಬ ತಡೆಯಲಾಗದ ಒತ್ತಾಯ ಇದೆಯೇ? ನರರೋಗ ತಜ್ಞೆ ಕೇಳಿದ ಮೊದಲ ಪ್ರಶ್ನೆಗಳೂ ಇವೇ ಆಗಿದ್ದವು. ಸ್ನಾಯು ಅದುರುವುದು ಕಂಡರೆ ಹೆಚ್ಚಿನ ಸಲ ದಣಿವು, ನಿದ್ದೆಗೇಡು, ಅತಿಯಾದ ಕಾಫಿ ಕಾರಣವಾಗಿರುತ್ತವೆ. ಸಂಜೆಯಾದಂತೆ ಕಾಲು ಆಡಿಸಬೇಕೆನಿಸಿ, ನಡೆದಾಗ ಹಾಯೆನಿಸಿದರೆ ಅದು ‘ರೆಸ್ಟ್‌ಲೆಸ್ ಲೆಗ್ಸ್’ ತೊಂದರೆಯ ಲಕ್ಷಣ. ಅದಕ್ಕೆ ದೇಹದ ಕಬ್ಬಿಣದ ದಾಸ್ತಾನು, ಅಂದರೆ ಫೆರಿಟಿನ್, ನೋಡಬೇಕು. ನನಗೆ ಇವೆರಡೂ ಇರಲಿಲ್ಲ. ಉಳಿದದ್ದು ಸಂವೇದನೆ ಸಾಗಿಸುವ ನರಗಳ ಮೇಲಿನ ಅನುಮಾನ.

ಅವರು 128 ಹರ್ಟ್ಸ್‌ನ ಶ್ರುತಿಕವೆಯೊಂದನ್ನು (ತಟ್ಟಿದರೆ ನಡುಗುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಮಿಡಿದು ನನ್ನ ಕಾಲಿನ ಹೆಬ್ಬೆರಳಿನ ಮೂಳೆಯ ಮೇಲಿಟ್ಟು, ‘ಕಣ್ಣು ಮುಚ್ಚಿ, ಕಂಪನ ನಿಂತಾಗ ಹೇಳಿ’ ಎಂದರು. ನಿಂತಿತು ಎಂದೆ. ಕೂಡಲೇ ಅದನ್ನು ನನ್ನ ಕೈಬೆರಳಿನ ಗೆಣ್ಣಿಗೆ ತಾಗಿಸಿದರು. ಕವೆ ಇನ್ನೂ ಚೆನ್ನಾಗಿಯೇ ನಡುಗುತ್ತಿತ್ತು! ಇಲ್ಲದ ಕಂಪನವನ್ನು ಅನುಭವಿಸುವ ಕಾಲಿಗೆ ನಿಜವಾದ ಕಂಪನ ಪೂರ್ತಿ ತಿಳಿಯುತ್ತಿರಲಿಲ್ಲ. ಭ್ರಮೆಯ ಮಾತಿಗೆ ಅಲ್ಲಿಗೆ ತೆರೆ ಬಿತ್ತು. ನನಗಂತೂ ಅದೇ ಅರ್ಧ ಚಿಕಿತ್ಸೆ.

ರಕ್ತಪರೀಕ್ಷೆಯಲ್ಲಿ ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ, ಫೆರಿಟಿನ್ ಎಲ್ಲವೂ ಸರಿಯಿದ್ದವು. ವಿಟಮಿನ್ ಬಿ12 ಮಾತ್ರ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿತ್ತು. ಹಿಮೋಗ್ಲೋಬಿನ್ ಸಾಮಾನ್ಯವಾಗಿಯೇ ಇತ್ತು. ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆ ನರಗಳನ್ನು ಬಾಧಿಸಬಲ್ಲದು. ವರ್ಷಗಳಿಂದ ನುಂಗುತ್ತಿದ್ದ, ಆಮ್ಲೀಯತೆ ತಗ್ಗಿಸುವ ಗುಳಿಗೆಯ ಮೇಲೆ ತಜ್ಞೆಯ ಕಣ್ಣು ಬಿತ್ತು. ಆಹಾರದಲ್ಲಿರುವ ಬಿ12 ಬಿಡುಗಡೆಯಾಗಲು ಹೊಟ್ಟೆಯ ಆಮ್ಲ ಬೇಕು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಕೂಡ ದೀರ್ಘಕಾಲ ಬಳಸಿದರೆ ಬಿ12 ಪ್ರಮಾಣವನ್ನು ತಗ್ಗಿಸಬಹುದು.

ಮೊದಲು ಚುಚ್ಚುಮದ್ದು, ಆಮೇಲೆ ಗುಳಿಗೆ. ಆಮ್ಲೀಯತೆಯ ಔಷಧಿಯನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿದೆ, ಏಕೆಂದರೆ ಒಮ್ಮೆಲೇ ನಿಲ್ಲಿಸಿದರೆ ಹೊಟ್ಟೆಯುರಿ ದುಪ್ಪಟ್ಟಾಗಿ ಮರಳುವುದುಂಟು. ಫೋಲಿಕ್ ಆಮ್ಲ ಎಂಬ ವಿಟಮಿನ್ ಒಂದನ್ನೇ ತೆಗೆದುಕೊಳ್ಳಬೇಡಿ, ಅದು ರಕ್ತದ ಚಿತ್ರಣವನ್ನು ಸರಿಪಡಿಸಿ ನರಹಾನಿಯನ್ನು ಮರೆಮಾಚಬಹುದು ಎಂದು ಎಚ್ಚರಿಸಿದರು. ‘ನರಗಳಿಗೆ ಒಳ್ಳೆಯದು’ ಎಂದು ಮಾರುವ ಗುಳಿಗೆಗಳಲ್ಲಿನ ಬಿ6 ಅಧಿಕ ಪ್ರಮಾಣದಲ್ಲಿ, ಬಹುಕಾಲ ಹೊಟ್ಟೆ ಸೇರಿದರೆ ಅದೇ ನರಗಳನ್ನು ಕೆಡಿಸುತ್ತದೆ. ಡಬ್ಬಿಯ ಹಿಂಭಾಗ ಓದುವ ಅಭ್ಯಾಸ ನನಗೆ ಬಂದದ್ದು ಆಗಲೇ.

ಮೆಗ್ನೀಸಿಯಂ ಗುಳಿಗೆಯಿಂದ ನನಗೆ ಯಾವ ಪ್ರಯೋಜನವೂ ಆಗಲಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಸ್ವಂತ ನಿರ್ಧಾರದಿಂದ ಮುಟ್ಟಬಾರದು. ಎಣ್ಣೆ ತಿಕ್ಕಿಸಿಕೊಂಡದ್ದು ಹಿತವಾಗಿತ್ತು, ಅಷ್ಟೇ. ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ಬಿಟ್ಟದ್ದು ಮಾತ್ರ ನಿಜಕ್ಕೂ ಕೆಲಸ ಮಾಡಿತು. ಮಂಡಿಯ ಹೊರಬದಿಯಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಾಯುವ ನರವೊಂದು ಆ ಭಂಗಿಯಲ್ಲಿ ಅದುಮಿಹೋಗುತ್ತದೆ. ಬಿಸಿನೀರಿನಲ್ಲಿ ಪಾದ ಇಡುವವರು ಮೊದಲು ಕೈಯಿಂದ ಬಿಸಿ ನೋಡಬೇಕು. ಸ್ಪರ್ಶ ಮಂಕಾದ ಪಾದಕ್ಕೆ ಸುಟ್ಟದ್ದೂ ತಿಳಿಯದು.

ಕಾಲು ಬಲಗುಂದಿದರೆ, ತೊಡೆಗಳ ನಡುವೆ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಪುಸ್ತಕ ಬರೆಯುತ್ತಾ ಕೂರುವಂತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ನರಗಳು ಚೇತರಿಸಿಕೊಳ್ಳುವುದು ನಿಧಾನ. ಮೊದಲ ಕೆಲವು ವಾರ ಕಂಪನ ಕೊಂಚ ಹೆಚ್ಚಾದಂತೆಯೂ ಅನಿಸಿತು. ತಿಂಗಳುಗಳು ಉರುಳಿದ ಮೇಲೆ ತಗ್ಗಿತು. ನಿದ್ದೆಗೆಟ್ಟ ಮರುದಿನ ಈಗಲೂ ಅಂಗಾಲಿನಲ್ಲಿ ಒಮ್ಮೊಮ್ಮೆ ಬಂದು ಹೋಗುತ್ತದೆ. ಗುಳಿಗೆ ಮುಂದುವರಿದಿದೆ, ಬಿ12 ಪರೀಕ್ಷೆಯನ್ನು ಆಗಾಗ ಮಾಡಿಸುತ್ತೇನೆ.