ಅಡಿಕೆಯ ಆದಾಯದಲ್ಲಿ ಮೊದಲ ಪಾಲು ಯಾರದು? – ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬೇಳದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಕೊಯ್ಲು ನವೆಂಬರಿನಿಂದ ಮಾರ್ಚಿನವರೆಗೆ, ಅನಂತರ ಅಂಗಳದಲ್ಲಿ ಸುಮಾರು 40 ದಿನಗಳ ಬಿಸಿಲು, ಮಾರಾಟ ಧಾರಣೆ ನೋಡಿಕೊಂಡು. ಖರ್ಚು ಮಾತ್ರ ವರ್ಷವಿಡೀ ಇದ್ದದ್ದೇ. ಆದ್ದರಿಂದ ತಿಂಗಳ ಸಂಬಳದವರಿಗೆ ಹೇಳುವ ಹಣಕಾಸಿನ ಬುದ್ಧಿಮಾತು ನಮಗೆ ಅಷ್ಟಾಗಿ ಹೊಂದುವುದಿಲ್ಲ. ಹಣ ಕೈಗೆ ಬಂದಾಗ ಯಾರ ಪಾಲನ್ನು ಮೊದಲು ತೆಗೆದಿಡಬೇಕು ಎಂಬ ಅನುಕ್ರಮವನ್ನು ಬೈಬಲಿನ ಆಧಾರದಲ್ಲಿ ಗೊತ್ತುಮಾಡಿಕೊಂಡು, ನಾನೂ ನನ್ನ ಹೆಂಡತಿಯೂ ಅದರಂತೆ ಮನೆ ನಡೆಸುತ್ತಿದ್ದೇವೆ.

ಮೊದಲ ಪಾಲು ಕೆಲಸದವರದು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ಹೇಳುತ್ತದೆ; ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆ 5:4 ಎಚ್ಚರಿಸುತ್ತದೆ. ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡುವ ಕ್ರಮ ನಮ್ಮ ಕಡೆ ಅಪರೂಪವಲ್ಲ. ನಾವು ಮುಂದಿನ ವರ್ಷದ ಕೂಲಿಗೆಂದು ಅಂದಾಜು ಮೊತ್ತವನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡುತ್ತೇವೆ. ಮರ ಹತ್ತಿದವರು, ಅಡಿಕೆ ಸುಲಿದವರು ಸಂಜೆ ಮನೆಗೆ ಹೊರಡುವಾಗಲೇ ಹಣ ಪಡೆಯುತ್ತಾರೆ.

ದೇವರ ಪಾಲು ಎಲ್ಲಕ್ಕಿಂತ ಮೊದಲಲ್ಲವೇ ಎಂದು, ಹತ್ತರಲ್ಲೊಂದು ಪಾಲನ್ನು ದೇವಾಲಯಕ್ಕೆ ತನ್ನಿರೆನ್ನುವ ಮಲಾಕಿಯ 3:10ನ್ನು ಮುಂದಿಟ್ಟು ಕೇಳುವವರಿದ್ದಾರೆ. ಕೊಡಬೇಕಾದ ಕೂಲಿಯನ್ನು ಉಳಿಸಿಕೊಂಡು ಅರ್ಪಿಸುವ ಕಾಣಿಕೆ ನನ್ನ ಮಟ್ಟಿಗೆ ಪರರ ಹಣವೇ. ಕಥೋಲಿಕ ಸಭೆಯ ಕಾನೂನಿನ 222ನೇ ನಿಯಮವು ಧರ್ಮಸಭೆಯ ಅಗತ್ಯಗಳಿಗೂ ಬಡವರಿಗೂ ನೆರವಾಗಬೇಕೆನ್ನುತ್ತದೆಯೇ ಹೊರತು ಹತ್ತರಲ್ಲೊಂದು ಎಂದು ಅಳತೆ ಹಾಕಿಲ್ಲ. ಆದರೂ ಅಳತೆಯಿಲ್ಲದಿದ್ದರೆ ಕೈ ತಾನಾಗಿಯೇ ಬಿಗಿಯಾಗುವುದರಿಂದ, ತೋಟದ ಖರ್ಚು ಕಳೆದು ಉಳಿದುದರ ಹತ್ತನೆಯ ಒಂದು ಪಾಲನ್ನು ಮಾರಾಟದ ವಾರದಲ್ಲೇ ತೆಗೆದಿಡುತ್ತೇವೆ. ಅದರಲ್ಲಿ ಅರ್ಧ ಚರ್ಚಿಗೆ. ಉಳಿದರ್ಧ 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲಕ, ಇಲ್ಲವೇ ನೇರವಾಗಿ, ಕಷ್ಟದಲ್ಲಿರುವ ಮನೆಗಳಿಗೆ.

ಉಳಿತಾಯದ ವಿಷಯದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆದಿಕಾಂಡದ 41ನೇ ಅಧ್ಯಾಯ. ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಮುಂದಿನ ಬರಗಾಲಕ್ಕಾಗಿ ಕೂಡಿಡಬೇಕೆಂದು ಯೋಸೇಫನು ಈಜಿಪ್ಟಿನ ಅರಸ ಫರೋಹನಿಗೆ ಹೇಳಿದನು. ಅವನು ಕೂಡಿಸಿದ್ದು ಹಣವನ್ನಲ್ಲ, ಧಾನ್ಯವನ್ನೇ. ನಾವೂ ಒಣಗಿದ ಅಡಿಕೆಯಲ್ಲಿ ಐದನೆಯ ಒಂದು ಪಾಲನ್ನು ಸುಲಿಯದೆ, ಸಿಪ್ಪೆ ಸಮೇತ ಗೋಣಿಗಳಲ್ಲಿ ಕಟ್ಟಿ ಅಟ್ಟಕ್ಕೇರಿಸುತ್ತೇವೆ. ಬ್ಯಾಂಕಿನಲ್ಲಿರುವ ಹಣವನ್ನು ಮೊಬೈಲಿನಲ್ಲೇ ಖರ್ಚು ಮಾಡಿಬಿಡಬಹುದು. ಅಟ್ಟದ ಗೋಣಿಯನ್ನು ಇಳಿಸಿ, ಸುಲಿಸಿ, ವಿಂಗಡಿಸಿ, ಮಾರಾಟಕ್ಕೆ ಒಯ್ಯುವಷ್ಟರಲ್ಲಿ ಆಸೆಯೇ ಆರಿರುತ್ತದೆ. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚಿನ ಧಾರಣೆ ಸಿಗುತ್ತದೆ, ಆದರೆ ಅದನ್ನೇ ನೆಚ್ಚಿ ಇಡೀ ಬೆಳೆಯನ್ನು ಕೂಡಿಡುವುದು ಯೋಸೇಫನ ದಾರಿಯಲ್ಲ, ಜೂಜು. ಮಳೆಗಾಲದ ಮೊದಲು ಒಂದೆರಡು ಗೋಣಿ ಇಳಿದರೆ ಮಕ್ಕಳ ಫೀಸೂ, ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ವೆಚ್ಚವೂ ಕಳೆಯುತ್ತವೆ. ಕೊಳೆರೋಗ ಬಾರದಂತೆ ಹೊತ್ತಿಗೆ ಸರಿಯಾಗಿ ಸಿಂಪಡಿಸುವುದೂ ನನ್ನ ಲೆಕ್ಕದಲ್ಲಿ ಉಳಿತಾಯವೇ.

ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಸೇವಕನೆಂಬ ಜ್ಞಾನೋಕ್ತಿ 22:7ರ ಮಾತನ್ನು ಸಾಲವೇ ಪಾಪವೆಂದು ನಾವು ಓದಿಕೊಂಡಿಲ್ಲ. ಬೆಳೆಗಾಗಿ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ತೆಗೆಯುತ್ತೇವೆ. ಮಿತಿಯೊಳಗಿನ ಮೊತ್ತವನ್ನು ಅವಧಿಯಲ್ಲಿ ತೀರಿಸಿದರೆ ಬಡ್ಡಿ ಶೇಕಡಾ 7ರಿಂದ 4ಕ್ಕೆ ಇಳಿಯುತ್ತದೆ. ಆದರೆ ಮದುವೆಯಂಥ ಆಚರಣೆಗೆಂದು ಚಿನ್ನ ಅಡವಿಡುವುದಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕ 14:28ರಲ್ಲಿ ಯೇಸು ಹೇಳಿದ್ದನ್ನು ನಮ್ಮವರ ಮದುವೆಗಳಿಗೆ, ಅದರಲ್ಲೂ ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರವಾದ, ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿರುವ ರೋಸ್‌ಗೆ, ಯಾರೂ ಅನ್ವಯಿಸುವಂತೆ ಕಾಣುವುದಿಲ್ಲ. ಮಗಳ ಮದುವೆಯ ಮಾತುಕತೆ ಈಗ ನಡೆಯುತ್ತಿದ್ದು, ನಮ್ಮಿಂದ ಆಗುವ ಮೊತ್ತ ಇಷ್ಟೇ ಎಂದು ಬೀಗರಿಗೆ ಮೊದಲ ಭೇಟಿಯಲ್ಲೇ ತಿಳಿಸಿದ್ದೇವೆ. ಅತಿಥಿಗಳ ಪಟ್ಟಿಯನ್ನು ಅವರೂ ಮೊಟಕುಗೊಳಿಸಲು ಒಪ್ಪಿದ್ದಾರೆ, ಬ್ಯಾಂಡಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ.