ಏರಿನಲ್ಲಿ ಗಡಿಯಾರ ಬಿಡಿ, ಮಗ್ಗಿ ಹೇಳಿ

ಭಾನುವಾರ ಬೆಳಿಗ್ಗೆ ಐದೂವರೆಗೆ ತಾವರೆಕಟ್ಟೆ ಹತ್ತಿರ ನಿಂತು ಚಾಮುಂಡಿ ಬೆಟ್ಟದ ರಸ್ತೆ ನೋಡಿ. ಏರು ಶುರುವಾದದ್ದೇ ತಡ, ಅರ್ಧ ಜನ ತಲೆ ತಗ್ಗಿಸಿ, ಹಲ್ಲು ಕಚ್ಚಿ, ಕೆಳಗೆ ಓಡುತ್ತಿದ್ದ ವೇಗವನ್ನೇ ಮೇಲಕ್ಕೂ ಎಳೆದುಕೊಂಡು ಹೋಗುತ್ತಾರೆ. ಎರಡು ತಿರುವು ದಾಟುವಷ್ಟರಲ್ಲಿ ಅವರೇ ಮಂಡಿ ಹಿಡಿದು ನಿಂತಿರುತ್ತಾರೆ. ನಮ್ಮ ಗುಂಪಿನ ಮಂಡ್ಯದ ಹುಡುಗನೊಬ್ಬ ತನ್ನ ಮೊದಲ ಮ್ಯಾರಥಾನ್‌ನಲ್ಲಿ, ಹದಿನೈದನೇ ಕಿಲೋಮೀಟರ್ ಹತ್ತಿರ, ‘ಅಣ್ಣಾ, ಅಪ್‌ನಲ್ಲಿ ಎಲ್ರನ್ನೂ ಹಿಂದಾಕ್ಬುಟ್ಟೆ ಕಣಣ್ಣ’ ಎಂದು ನನ್ನನ್ನೂ ಹಿಂದೆ ಹಾಕಿ ಹೋದ. ಮತ್ತೆ ಸಿಕ್ಕಿದ್ದು 34ನೇ ಕಿಲೋಮೀಟರಿನಲ್ಲಿ. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ತೊಡೆ ಉಜ್ಜಿಕೊಳ್ಳುತ್ತಿದ್ದ. ಈ ಲೇಖನ ಅವನಿಗಾಗಿ.

42.195 ಕಿಲೋಮೀಟರನ್ನು ಒಂದೇ ವೇಗದಲ್ಲಿ ಓಡಬೇಕು ಎಂದು ಯಾರೋ ಹೇಳಿರುತ್ತಾರೆ. ಸಮತಟ್ಟಾದ ರಸ್ತೆಗೆ ಅದು ಸರಿ. ಏರಿಳಿತದ ರಸ್ತೆಯಲ್ಲಿ ಒಂದೇ ಸಮ ಇರಬೇಕಾದದ್ದು ವೇಗವಲ್ಲ, ಶ್ರಮ. ಗಡಿಯಾರ ಏನಾದರೂ ಹೇಳಿಕೊಳ್ಳಲಿ, ಉಸಿರು ಬದಲಾಗಬಾರದು.

ಮೊದಲು ದಾರಿ ಓದಿ

ಓಟದ ದಾರಿಯ ಎತ್ತರದ ನಕ್ಷೆಯನ್ನು ಆಯೋಜಕರು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಮೊಬೈಲಿನಲ್ಲಿ ನೀವೇ ತೆಗೆಯಬಹುದು. ಎಲ್ಲಿ ಏರು, ಎಲ್ಲಿ ಇಳಿಜಾರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಸಾಕು. ಆದರೆ ಕಣ್ಣನ್ನು ನಂಬಬೇಡಿ. ಶ್ರೀರಂಗಪಟ್ಟಣದ ಕಾವೇರಿ ದಂಡೆಯಿಂದ ಮೈಸೂರಿಗೆ ಬರುವ ರಸ್ತೆಯನ್ನು ಯಾರೂ ಏರು ಎನ್ನುವುದಿಲ್ಲ. ಆದರೂ ಆ ಹದಿನೈದು ಚಿಲ್ಲರೆ ಕಿಲೋಮೀಟರಿನಲ್ಲಿ ನೀವು ಸುಮಾರು 80 ಮೀಟರ್ ಮೇಲೆ ಬಂದಿರುತ್ತೀರಿ. ‘ಇವತ್ತು ಯಾಕೋ ಕಾಲೇ ಬರ್ತಿಲ್ಲ’ ಎಂದು ಗೊಣಗುವವರನ್ನು ಆ ದಾರಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕಾಲು ಸರಿಯಾಗಿಯೇ ಇರುತ್ತದೆ, ರಸ್ತೆ ಮೇಲಕ್ಕೆ ಹೋಗುತ್ತಿರುತ್ತದೆ.

ಲೆಕ್ಕ

ನೂರು ಮೀಟರ್ ಓಡಿದಾಗ ನಾಲ್ಕು ಮೀಟರ್ ಮೇಲೇರಿದರೆ ಅದು ಶೇ 4ರ ಏರು. ನಾಲ್ಕೂವರೆ ಗಂಟೆಯಲ್ಲಿ ಮ್ಯಾರಥಾನ್ ಮುಗಿಸುವವರಿಗೆ ಸಮತಟ್ಟಿನಲ್ಲಿ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್ ಬೇಕು. ನನ್ನ ಒರಟು ಲೆಕ್ಕದಲ್ಲಿ ಏರು ಶೇ 1 ಹೆಚ್ಚಿದಂತೆಲ್ಲ ಕಿಲೋಮೀಟರಿಗೆ ಹತ್ತು ಹನ್ನೆರಡು ಸೆಕೆಂಡ್ ಬಿಟ್ಟುಕೊಡಬೇಕು. ಅಂದರೆ ಶೇ 4ರ ಏರಿನಲ್ಲಿ 7 ನಿಮಿಷ 8 ಸೆಕೆಂಡ್ ಆದರೂ ನೀವು ಹಿಂದೆ ಬಿದ್ದಿಲ್ಲ. ಅಷ್ಟೇ ಇಳಿಜಾರಿನಲ್ಲಿ ವಾಪಸ್ ಸಿಗುವುದು ಅದರ ಅರ್ಧ ಮಾತ್ರ. ಏರಿನಲ್ಲಿ 44 ಸೆಕೆಂಡ್ ಹೋದರೆ ಇಳಿಜಾರಿನಲ್ಲಿ 22 ಬರುತ್ತದೆ. ಉಳಿದ 22 ಬೆಟ್ಟಕ್ಕೆ ಕೊಟ್ಟ ಕಾಣಿಕೆ ಅಂದುಕೊಂಡು ಮರೆತುಬಿಡಿ. ಅದನ್ನು ವಸೂಲು ಮಾಡಲು ಹೊರಟವರೇ ಕೊನೆಯಲ್ಲಿ ಕುಂಟುವುದು.

ಎಲ್ಲ ಕಿಲೋಮೀಟರಿಗೂ ಒಂದೇ ಸಮಯ ಅಚ್ಚು ಹಾಕಿದ ಕೈಪಟ್ಟಿಗಳು ಸಿಗುತ್ತವೆ. ಏರಿಳಿತದ ಓಟಕ್ಕೆ ಅದನ್ನು ಕಟ್ಟಿಕೊಳ್ಳುವುದೂ ಒಂದೇ, ಪಂಚಾಂಗ ಕಟ್ಟಿಕೊಳ್ಳುವುದೂ ಒಂದೇ.

ಉಸಿರಿಗೆ ಮಗ್ಗಿ

ಶ್ರಮವನ್ನು ಅಳೆಯಲು ನನಗೆ ಮಗ್ಗಿಗಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ. ‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು’ ಎಂದು ಓಡುತ್ತಲೇ ಬಾಯಿಬಿಟ್ಟು ಹೇಳಿ. ಒಂದು ಉಸಿರಿಗೆ ಎರಡು ಸಾಲು ಸಲೀಸಾಗಿ ಬಂದರೆ ಅದು ನಿಮ್ಮ ಮ್ಯಾರಥಾನ್ ಶ್ರಮ. ಒಂದೇ ಸಾಲಿಗೆ ಉಸಿರು ಮುಗಿದರೆ ಜೋರಾಯಿತು. ‘ಎರಡೊಂದ್ಲಿ’ ಅನ್ನುವಷ್ಟರಲ್ಲೇ ದಮ್ಮು ಕಟ್ಟಿದರೆ ನೀವು 10 ಕಿಲೋಮೀಟರ್ ಸ್ಪರ್ಧೆ ಓಡುತ್ತಿದ್ದೀರಿ. ಪಕ್ಕದವರು ನೋಡಿ ನಗುತ್ತಾರೆ, ನಗಲಿ.

ಹೃದಯ ಬಡಿತ ನೋಡಿಕೊಂಡು ಓಡಬಹುದಲ್ಲ ಎನ್ನುತ್ತೀರಿ. ನೋಡಬಹುದು, ಆದರೆ ಏರು ಶುರುವಾದ ಮೇಲೆ ಬಡಿತ ನಿಜವಾದ ಶ್ರಮವನ್ನು ತೋರಿಸಲು ಅರ್ಧ ಮುಕ್ಕಾಲು ನಿಮಿಷವಾದರೂ ಬೇಕು. ಅಷ್ಟರಲ್ಲಿ ತಪ್ಪು ಆಗಿಹೋಗಿರುತ್ತದೆ. ಮಣಿಕಟ್ಟಿನ ಅಗ್ಗದ ವಾಚುಗಳಂತೂ ಕೆಲವೊಮ್ಮೆ ಹೃದಯ ಬಿಟ್ಟು ಹೆಜ್ಜೆಯನ್ನೇ ಎಣಿಸಿ 170 ಎಂದು ತೋರಿಸಿ ಹೆದರಿಸುತ್ತವೆ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಎದೆಗೆ ಕಟ್ಟುವ ಪಟ್ಟಿ ತೆಗೆದುಕೊಳ್ಳಿ.

ಏರು: ಎಲ್ಲರೂ ಎಡವುವ ಜಾಗ

ಏರು ಕೆಡುವುದು ಮೊದಲ ಐವತ್ತು ಹೆಜ್ಜೆಯಲ್ಲಿ. ಸಮತಟ್ಟಿನ ರಭಸ ಕಾಲಲ್ಲಿ ಇನ್ನೂ ಇರುತ್ತದೆ, ಉಸಿರೂ ಹಗುರವಾಗಿರುತ್ತದೆ. ಹಾಗಾಗಿ ಮೋಸ ಗೊತ್ತಾಗುವುದಿಲ್ಲ. ಏರು ಇನ್ನೂ ಇಪ್ಪತ್ತು ಮೀಟರ್ ದೂರ ಇರುವಾಗಲೇ ಹೆಜ್ಜೆ ಚಿಕ್ಕದು ಮಾಡಿ. ಹೆಜ್ಜೆಯ ತಾಳ ಹಾಗೇ ಇರಲಿ, ಉದ್ದ ಮಾತ್ರ ಕಡಿಮೆಯಾಗಲಿ. ಮೊಣಕಾಲನ್ನು ಎದೆಗೆ ಎತ್ತುವ ಸಾಹಸ ಬೇಡ. ಸೊಂಟದಿಂದ ಬಾಗಬೇಡಿ, ಬಾಗಿದರೆ ಪುಪ್ಪುಸಕ್ಕೆ ಜಾಗ ಸಾಲದು. ಹಿಮ್ಮಡಿಯಿಂದ ತಲೆಯವರೆಗೆ ಇಡೀ ಮೈ ಒಂದಿಷ್ಟು ಮುಂದಕ್ಕೆ ವಾಲಲಿ. ಕಣ್ಣು ಹತ್ತು ಹದಿನೈದು ಮೀಟರ್ ಮುಂದಿನ ರಸ್ತೆಯ ಮೇಲಿರಲಿ. ನೆತ್ತಿಯನ್ನು ನೋಡಿದರೆ ಗಾಬರಿ, ಪಾದವನ್ನು ನೋಡಿದರೆ ಕುತ್ತಿಗೆ ನೋವು.

ಏರಿನಲ್ಲಿ ನಿಮ್ಮನ್ನು ಜನ ದಾಟಿ ಹೋಗುತ್ತಾರೆ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ, ವಿಶೇಷವಾಗಿ ಗಂಡಸರಿಗೆ. ಬಿಟ್ಟುಬಿಡಿ. 60 ಕೆ.ಜಿ. ತೂಕದವರು ನಗರದಿಂದ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟಕ್ಕೆ ತಮ್ಮ ಮೈಯನ್ನು ಎತ್ತಿಕೊಂಡು ಹೋಗುವುದಕ್ಕೇ ಹೆಚ್ಚುಕಮ್ಮಿ 170 ಕಿಲೊಕ್ಯಾಲೊರಿ ಬೇಕು, ಸಮತಟ್ಟಿನಲ್ಲಿ ಮೂರು ಕಿಲೋಮೀಟರ್ ಓಡಿದಷ್ಟು. ಅದನ್ನು ನಿಧಾನವಾಗಿ ಖರ್ಚು ಮಾಡಿದರೆ ಕೊಬ್ಬೂ ಒಂದಷ್ಟು ಉರಿಯುತ್ತದೆ. ಏದುಸಿರು ಬಿಟ್ಟು ಓಡಿದರೆ ಉರಿಯುವುದು ಬಹುಪಾಲು ಸ್ನಾಯುವಿನೊಳಗೆ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜೆನ್. ಅದರ ದಾಸ್ತಾನು ಮೈಯಲ್ಲಿ ಸುಮಾರು 2000 ಕಿಲೊಕ್ಯಾಲೊರಿಯಷ್ಟೇ. 34ನೇ ಕಿಲೋಮೀಟರಿನ ಕಲ್ಲಿನ ಮೇಲೆ ಕೂರಿಸುವುದು ಈ ಲೆಕ್ಕವೇ.

ತೀರಾ ಕಡಿದಾದ ಕಡೆ ನಡೆಯಿರಿ. ಶೇ 10 ದಾಟಿದರೆ ನಮ್ಮಂಥವರ ಓಟಕ್ಕೂ ಚುರುಕು ನಡಿಗೆಗೂ ಸಮಯದಲ್ಲಿ ವ್ಯತ್ಯಾಸ ಇರುವುದಿಲ್ಲ, ಉಸಿರಿನಲ್ಲಿ ಮಾತ್ರ ಇರುತ್ತದೆ. ನಡೆದರೆ ಮರ್ಯಾದೆ ಹೋಗುತ್ತದೆ ಎನ್ನುವವರ ಜೊತೆ ನಾನು ವಾದ ಮಾಡುವುದು ಬಿಟ್ಟಿದ್ದೇನೆ.

ಇನ್ನು ನೆತ್ತಿ. ಏರು ಮುಗಿದ ಕೂಡಲೇ ಕೆಲವರು ‘ಅಬ್ಬಾ’ ಎಂದು ನಿಲ್ಲುತ್ತಾರೆ, ಕೆಲವರು ಬಿಟ್ಟ ಬಾಣದಂತೆ ಹಾರುತ್ತಾರೆ. ಎರಡೂ ಬೇಡ. ಏರಿನ ಚಿಕ್ಕ ಹೆಜ್ಜೆಯಲ್ಲೇ ಇನ್ನೂ ನೂರು ಹೆಜ್ಜೆ ಎಣಿಸಿ. ಮಗ್ಗಿ ಮತ್ತೆ ಎರಡು ಸಾಲಿಗೆ ಬಂದ ಮೇಲೆ ಹೆಜ್ಜೆ ಉದ್ದ ಮಾಡಿ.

ಇಳಿಜಾರಿನ ಸಾಲ

ಇಳಿಜಾರಿನಲ್ಲಿ ಉಸಿರು ಹಗುರ, ತೊಡೆ ಭಾರ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಎಳೆಸಿಕೊಳ್ಳುತ್ತಲೇ ಬ್ರೇಕ್ ಹಾಕಬೇಕು. ಸ್ನಾಯುವಿನ ಎಳೆಗಳು ಹರಿಯುವುದು ಹೀಗೆ, ಮತ್ತು ಅದು ಆಗಲೇ ಗೊತ್ತಾಗುವುದಿಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ 32ನೇ ಕಿಲೋಮೀಟರ್ ಹತ್ತಿರ ಹಾರ್ಟ್‌ಬ್ರೇಕ್ ಹಿಲ್ ಎಂಬ ದಿಬ್ಬವಿದೆ. ಹೆಸರು ಕೇಳಿ ಹೆದರಬೇಡಿ, ಅದರ ಏರು 30 ಮೀಟರೂ ಇಲ್ಲ. ಸಾವಿರದ ಎಂಟು ಮೆಟ್ಟಿಲು ಹತ್ತಿ ಪ್ರತಿ ಮೆಟ್ಟಿಲಿಗೂ ಕುಂಕುಮ ಹಚ್ಚುವ ನಮ್ಮ ಅಜ್ಜಿಯಂದಿರು ಅದನ್ನು ಬೆಟ್ಟವೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಕ್ಕಿಲ್ಲ. ಆದರೂ ಅಲ್ಲಿ ಘಟಾನುಘಟಿಗಳು ಕಂಗೆಡುತ್ತಾರೆ. ಅಲ್ಲಿಯ ಓಟದ ಮೊದಲ ಭಾಗ ಬಹುತೇಕ ಇಳಿಜಾರು, ತೊಡೆಗಳು ಅಲ್ಲೇ ಅರ್ಧ ಸತ್ತಿರುತ್ತವೆ.

ಹಾಗಾಗಿ ಹಿಂದಕ್ಕೆ ವಾಲಿ ಹಿಮ್ಮಡಿ ಕುಕ್ಕಬೇಡಿ. ಪಾದ ಮೈಯ ಕೆಳಗೇ ಬೀಳಲಿ, ಹೆಜ್ಜೆ ಚಿಕ್ಕದು, ತಾಳ ಚುರುಕು. ಪಾದ ರಸ್ತೆಗೆ ಬಡಿಯುವ ಸದ್ದು ಜೋರಾಗಿ ಕೇಳಿದರೆ ವೇಗ ಜಾಸ್ತಿ ಎಂದರ್ಥ. ಕಿವಿಯಲ್ಲಿ ಇಯರ್‌ಫೋನ್ ಇದ್ದವರಿಗೆ ಈ ಸದ್ದೂ ಕೇಳದು, ಹಿಂದೆ ಬರುವ ಬಸ್ಸೂ ಕೇಳದು.

ನೀರು, ಶೂ, ಓಟದ ನಡುವೆ ಶಕ್ತಿಗೆಂದು ತಿನ್ನುವ ಸಿಹಿ ಜೆಲ್‌ಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳುವುದಿಷ್ಟೇ: ಜೆಲ್ಲನ್ನು ಏರಿಗೆ ಮುಂಚೆ ತಿನ್ನಿ, ಏರುತ್ತ ಅಲ್ಲ. ಬೆಟ್ಟದ ರಸ್ತೆಯಲ್ಲಿ ಕೈಯಲ್ಲಿ ಬಾಳೆಹಣ್ಣು ಹಿಡಿದು ಓಡಬೇಡಿ, ಕೋತಿಗಳು ನಿಮಗಿಂತ ವೇಗ.

ಅಭ್ಯಾಸ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವರ್ಷವಿಡೀ ಸುತ್ತು ಹಾಕಿದರೂ ಇದು ಬರುವುದಿಲ್ಲ, ಅಲ್ಲಿ ಹೆಸರಿನಲ್ಲಷ್ಟೇ ಏರಿ. ಬೆಟ್ಟದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಮೇಲಕ್ಕೆ, ಎರಡು ಕೆಳಕ್ಕೆ ಓಡಿ. ಅದೇ ಒಂದು ಸುತ್ತು. ನಿಲ್ಲದೆ ಇನ್ನೊಂದು ಸುತ್ತು ಹಾಕಿ. ವಾಚಿನ ಮೇಲೆ ಕರ್ಚೀಫು ಕಟ್ಟಿಕೊಂಡು ಮಗ್ಗಿಯ ಮೇಲಷ್ಟೇ ಓಡಿ, ಸುತ್ತು ಮುಗಿದಾಗ ಮಾತ್ರ ಗುಂಡಿ ಒತ್ತಿ. ಮನೆಗೆ ಬಂದು ಎರಡೂ ಸುತ್ತಿನ ಸಮಯ ನೋಡಿ. ಎರಡನೆಯದು ಎರಡು ಮೂರು ನಿಮಿಷ ತಡವಾಗಿದ್ದರೆ ಮೊದಲ ಏರನ್ನು ನೀವು ಜೋರಾಗಿ ಹತ್ತಿದ್ದೀರಿ. ಮುಂದಿನ ಭಾನುವಾರ ಆ ಏರಿಗೆ ಒಂದು ನಿಮಿಷ ಹೆಚ್ಚು ಕೊಟ್ಟು ಮತ್ತೆ ಓಡಿ.